ಕೋವಿ ಹಿಡಿಯದ ವೀರ



ವೀರಯೋಧ ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆ? ಗುಂಡಿಗೆ ಎದೆಯೊಡ್ಡಿ ಮುನ್ನುಗ್ಗುವವನ ಚಿತ್ರ ತಾನೆ? ಅದು ಸರಿಯೇ. ಆದರೆ ರಣರಂಗದಲ್ಲಿ ಇನ್ನೊಂದು ಬಗೆಯ ಶೌರ್ಯವೂ ಉಂಟು. ಎಲ್ಲರೂ ಜೀವ ಉಳಿಸಿಕೊಂಡು ಹೊರಡುವಾಗ, ಹೊರಡಲಾರದವರ ಬಳಿ ಉಳಿದುಕೊಳ್ಳುವ ಶೌರ್ಯ ಅದು. ಅಮೆರಿಕದ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದ ಫಾದರ್ ಎಮಿಲ್ ಕಪಾನ್ ಅವರ ಬದುಕು ಇದಕ್ಕೆ ಸಾಕ್ಷಿ.

ರೈತನ ಮಗ

ಎಮಿಲ್ ಹುಟ್ಟಿದ್ದು 1916ರ ಏಪ್ರಿಲ್ 20ರಂದು, ಕಾನ್ಸಾಸ್ ರಾಜ್ಯದ ಪಿಲ್ಸೆನ್ ಎಂಬ ಸಣ್ಣ ಊರಿನ ರೈತ ಕುಟುಂಬದಲ್ಲಿ. 1940ರಲ್ಲಿ ಗುರುದೀಕ್ಷೆ ಪಡೆದರು. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಬರ್ಮಾ ಮತ್ತು ಭಾರತದಲ್ಲಿದ್ದ ಸೈನಿಕರ ಗುರುಗಳಾಗಿ ಸೇವೆ ಸಲ್ಲಿಸಿದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಅವರ ತುಕಡಿಯೂ ಅಲ್ಲಿಗೆ ಹೋಯಿತು. ಸೇನೆಯ ಗುರುಗಳು ಆಯುಧ ಹಿಡಿಯುವುದಿಲ್ಲ. ಆದರೆ ಸೈನಿಕರ ಮೇಲೆ ಹಾರಿ ಬರುವ ಗುಂಡು ಗುರುಗಳನ್ನೂ ಬಿಡುವುದಿಲ್ಲ. ಫಾದರ್ ಕಪಾನ್ ಜೀಪಿನ ಮುಂಭಾಗವನ್ನೇ ಪೀಠವಾಗಿಸಿ ಬಲಿಪೂಜೆ ಅರ್ಪಿಸುತ್ತಿದ್ದರು. ಗುಂಡಿನ ಮಳೆಯಲ್ಲೂ ಓಡಿಹೋಗಿ ಗಾಯಾಳುಗಳನ್ನು ಎಳೆದು ತರುತ್ತಿದ್ದರು.

ಉನ್ಸಾನಿನ ಆ ರಾತ್ರಿ

1950ರ ನವೆಂಬರ್ 1 ಮತ್ತು 2ರಂದು ಉತ್ತರ ಕೊರಿಯಾದ ಉನ್ಸಾನ್ ಬಳಿ ಚೀನಾದ ದೊಡ್ಡ ಪಡೆ ಅವರ ತುಕಡಿಯನ್ನು ಸುತ್ತುವರಿಯಿತು. ನಡೆಯಲು ಶಕ್ತರಾದವರು ತಪ್ಪಿಸಿಕೊಳ್ಳಬೇಕೆಂದು ಆಜ್ಞೆಯಾಯಿತು. ಹಾಗೆ ಹೋದವರನ್ನು ಹೇಡಿಗಳೆನ್ನುವಂತಿಲ್ಲ. ಅವರು ಪಾಲಿಸಿದ್ದು ಆಜ್ಞೆಯನ್ನೇ. ಫಾದರ್ ಕಪಾನ್ ಕೂಡ ಹೋಗಬಹುದಿತ್ತು. ಅವರು ಗಾಯಾಳುಗಳ ಜೊತೆ ಉಳಿದರು. ಸೆರೆಯಾಗುವುದು ಖಚಿತವೆಂದು ತಿಳಿದೇ ಉಳಿದರು.

ಅಲ್ಲಿ ಗಾಯಗೊಂಡು ಬಿದ್ದಿದ್ದ ಚೀನೀ ಅಧಿಕಾರಿಯೊಬ್ಬನ ಮನವೊಲಿಸಿ, ಗಾಯಾಳುಗಳನ್ನು ಕೊಲ್ಲದೆ ಸೆರೆ ಹಿಡಿಯುವಂತೆ ಮಾತುಕತೆ ನಡೆಸಿದರು. ಸೆರೆಯಾಗಿ ಹೊರಟಾಗ, ಹಳ್ಳದಲ್ಲಿ ಬಿದ್ದಿದ್ದ ಹರ್ಬರ್ಟ್ ಮಿಲ್ಲರ್ ಎಂಬ ಸಾರ್ಜೆಂಟ್‌ನ ತಲೆಗೆ ಶತ್ರು ಸೈನಿಕನೊಬ್ಬ ಕೋವಿ ಗುರಿಯಿಟ್ಟಿದ್ದನ್ನು ಕಂಡರು. ಫಾದರ್ ನೆಟ್ಟಗೆ ಹೋಗಿ ಆ ಕೋವಿಯನ್ನು ಕೈಯಿಂದ ಪಕ್ಕಕ್ಕೆ ತಳ್ಳಿದರು! ಕಾಲು ಮುರಿದಿದ್ದ ಮಿಲ್ಲರನನ್ನು ಎತ್ತಿ ಬೆನ್ನ ಮೇಲೆ ಹೊತ್ತು ನಡೆದರು. ಬೆರಗಾದ ಸೈನಿಕ ಗುಂಡು ಹಾರಿಸಲಿಲ್ಲ. ನನ್ನನ್ನು ಇಳಿಸಿಬಿಡಿ ಎಂದು ಮಿಲ್ಲರ್ ಬೇಡಿದರೂ ಅವರು ಒಪ್ಪಲಿಲ್ಲ. ಇಳಿಸಿದರೆ ಅವನನ್ನು ಕೊಲ್ಲುತ್ತಾರೆಂದು ಅವರಿಗೆ ಗೊತ್ತಿತ್ತು.

ಸೆರೆಶಿಬಿರದ ದಿನಗಳು

ಪ್ರಿಯರೇ, ಕೋವಿಯನ್ನು ತಳ್ಳಲು ಒಂದು ಕ್ಷಣದ ಧೈರ್ಯ ಬೇಕಾಯಿತು. ಅದರ ನಂತರದ ಆರೂವರೆ ತಿಂಗಳಿಗೆ ಬೇಕಾದ ಧೈರ್ಯ ಬೇರೆಯೇ. ಯಾಲು ನದಿಯ ದಡದ ಪ್ಯೋಕ್ಟಾಂಗ್ ಶಿಬಿರದಲ್ಲಿ ಕೊರೆಯುವ ಚಳಿ, ಹಸಿವು, ಹೇನು, ಆಮಶಂಕೆ. ಕೈದಿಗಳು ದಿನವೂ ಸಾಯುತ್ತಿದ್ದರು. ಫಾದರ್ ತಗಡನ್ನು ಕಲ್ಲಿನಿಂದ ಬಡಿದು ಪಾತ್ರೆ ಮಾಡಿ ನೀರು ಕಾಯಿಸಿದರು. ಎದ್ದು ಹೋಗಲಾರದ ರೋಗಿಗಳ ಹೊಲಸಾದ ಬಟ್ಟೆ ಒಗೆದರು. ತಮ್ಮ ಪಾಲಿನ ಊಟವನ್ನು ಹಂಚಿದರು. ಅದೂ ಸಾಲದಾದಾಗ, ಶಿಲುಬೆಯ ಮೇಲೆ ಪಶ್ಚಾತ್ತಾಪಪಟ್ಟ ಒಳ್ಳೆಯ ಕಳ್ಳ ಸಂತ ದಿಸ್ಮಾಸನಿಗೆ ಪ್ರಾರ್ಥಿಸಿ, ಕಾವಲುಗಾರರ ಉಗ್ರಾಣದಿಂದ ಕಾಳುಕಡ್ಡಿ ಕದ್ದು ತಂದರು!

1951ರ ಮಾರ್ಚ್ 25ರಂದು ಪಾಸ್ಖ ಹಬ್ಬ. ಬಲಿಪೂಜೆಗೆ ರೊಟ್ಟಿಯಿಲ್ಲ, ದ್ರಾಕ್ಷಾರಸವಿಲ್ಲ. ಪಾಳುಬಿದ್ದ ಹಳೆಯ ದೇವಾಲಯವೊಂದರಲ್ಲಿ ಎಲ್ಲರನ್ನೂ ಸೇರಿಸಿ ಪ್ರಾರ್ಥನೆ ನಡೆಸಿದರು. ಅದಾದ ಕೆಲವೇ ವಾರಗಳಲ್ಲಿ ಅವರೇ ಹಾಸಿಗೆ ಹಿಡಿದರು. ಕಾವಲುಗಾರರು ಆಸ್ಪತ್ರೆಯ ಹೆಸರಿನ ಸಾವಿನ ಮನೆಗೆ ಅವರನ್ನು ಸಾಗಿಸುವಾಗ ಜೊತೆಯವರು ಅತ್ತರು, ಪ್ರತಿಭಟಿಸಿದರು. ಫಾದರ್ ಮಾತ್ರ ಕಾವಲುಗಾರರನ್ನು ಕ್ಷಮಿಸುವಂತೆ ದೇವರನ್ನು ಬೇಡಿಕೊಂಡರು. 1951ರ ಮೇ 23ರಂದು, 35ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಬಳಿಕ ಆ ಶಿಬಿರಕ್ಕೆ ಬಂದ ಜೆರಾಲ್ಡ್ ಫಿಂಕ್ ಎಂಬ ಯೆಹೂದಿ ಸೈನಿಕ ಫಾದರ್‌ರನ್ನು ಕಂಡವನೇ ಅಲ್ಲ. ಜೊತೆಯವರ ಬಾಯಿಂದ ಅವರ ಕಥೆ ಕೇಳಿ, ಅವರ ನೆನಪಿಗಾಗಿ ಮರದ ಶಿಲುಬೆಮೂರ್ತಿಯೊಂದನ್ನು ಕೆತ್ತಿದ. 1953ರಲ್ಲಿ ಬಿಡುಗಡೆಯಾದವರು ಅದನ್ನು ಹೊತ್ತು ತಂದರು. 2013ರ ಏಪ್ರಿಲ್ 11ರಂದು ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ 'ಮೆಡಲ್ ಆಫ್ ಆನರ್' ಅವರಿಗೆ ಮರಣೋತ್ತರವಾಗಿ ದೊರೆಯಿತು. ಬೆನ್ನ ಮೇಲೆ ಹೊತ್ತು ಬದುಕಿಸಿದ ಮಿಲ್ಲರ್ ಆ ಸಮಾರಂಭದಲ್ಲಿದ್ದರು. ಅವರ ಅಸ್ಥಿಗಳನ್ನು ಗುರುತಿಸಿ ತವರಿಗೆ ತರಲಾದದ್ದು 2021ರಲ್ಲಿ, ಮಡಿದು 70 ವರ್ಷಗಳ ನಂತರ. 2025ರ ಫೆಬ್ರವರಿಯಲ್ಲಿ ಅಂದಿನ ಪೋಪ್ ಫ್ರಾನ್ಸಿಸ್ ಅವರ ಪ್ರಾಣಾರ್ಪಣೆಯನ್ನು ಅಧಿಕೃತವಾಗಿ ಮನ್ನಿಸಿದರು. ಸಂತ ಪದವಿಯ ದಾರಿಯಲ್ಲಿ ಇದೊಂದು ಹೆಜ್ಜೆ.

ನಮಗೇನು ಪಾಠ?

ಸ್ನೇಹಿತರಿಗಾಗಿ ಪ್ರಾಣ ಕೊಡುವ ಪ್ರೀತಿಯ ಕುರಿತು ಪ್ರಭು ಹೇಳಿದ ಮಾತನ್ನು ಯೊವಾನ್ನರ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪ್ರಾಣ ಕೊಡುವುದೆಂದರೆ ಒಂದೇ ಸಲ ಸಾಯುವುದು ಎಂದು ತಿಳಿಯುತ್ತೇವೆ. ಫಾದರ್ ಕಪಾನ್ ಅದನ್ನು ದಿನಕ್ಕಿಷ್ಟು ಎಂದು ಕೊಟ್ಟರು: ಒಂದು ಪಾತ್ರೆ ಬಿಸಿನೀರಾಗಿ, ಒಗೆದ ಒಂದು ಬಟ್ಟೆಯಾಗಿ.

ನಮ್ಮಲ್ಲಿ ಹೆಚ್ಚಿನವರು ರಣರಂಗ ಕಾಣುವುದಿಲ್ಲ. ಆದರೆ ಹಾಸಿಗೆ ಹಿಡಿದ ಅತ್ತೆ, ಮರೆವಿನ ತಂದೆ, ಕುಡಿತಕ್ಕೆ ಸಿಕ್ಕ ತಮ್ಮ ಯಾರ ಮನೆಯಲ್ಲಿಲ್ಲ? ವರ್ಷಗಟ್ಟಲೆ ಅವರ ಮೈ ಒರೆಸಿ, ಊಟ ಉಣ್ಣಿಸುವ ತಾಯಂದಿರಿಗೆ ಯಾರೂ ಪದಕ ಕೊಡುವುದಿಲ್ಲ. ಆ ತಾಯಂದಿರೂ ಗುಂಡಿನ ನಡುವೆ ಉಳಿದ ಆ ಗುರುವಿನ ಸಾಲಿನವರೇ.

ಈ ವಾರ ರಾತ್ರಿಯ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಕುಳಿತು ಎರಡು ಪ್ರಶ್ನೆ ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ನಡೆಯಲಾರದೆ ಹಿಂದೆ ಉಳಿದವರು ಯಾರು? ಅವರನ್ನು ಇಂದು ಹೊರುತ್ತಿರುವವರಿಗೆ ನಾಳೆ ನಾವು ಒಂದು ಗಂಟೆಯಾದರೂ ಹೆಗಲು ಕೊಡಬಲ್ಲೆವೇ?