ಇನಾಮ್‌ಗಾಂವ್‌ನ ಸಮಾಧಿಗಳು

ಪುಣೆ ಜಿಲ್ಲೆಯ ಜೇಜುರಿಯು ಖಂಡೋಬಾ ದೇವರ ಕ್ಷೇತ್ರ. ಈ ದೇವರನ್ನು ಮೈಲಾರಲಿಂಗನೆಂದು ಪೂಜಿಸುವ ಕನ್ನಡಿಗರಿಗೆ ಇದು ಚಿರಪರಿಚಿತ ಯಾತ್ರಾಸ್ಥಳ. ಇದೇ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿ, ಭೀಮೆಯ ಉಪನದಿಯಾದ ಘೋಡ್ ನದಿಯ ದಡದಲ್ಲಿ, ಇನಾಮ್‌ಗಾಂವ್ ಎಂಬ ಗ್ರಾಮವಿದೆ. ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರು 1968ರಿಂದ 1983ರವರೆಗೆ ಇಲ್ಲಿ ಉತ್ಖನನ ನಡೆಸಿದರು. ಸುಮಾರು 3600ರಿಂದ 2700 ವರ್ಷಗಳ ಹಿಂದೆ ಇಲ್ಲಿ ಬಾಳಿದ್ದ ತಾಮ್ರಶಿಲಾಯುಗದ ರೈತರ ಊರು ಇದರಿಂದ ಬೆಳಕಿಗೆ ಬಂದಿತು.

ಶವವನ್ನು ದಹಿಸಿದಲ್ಲಿ ಬೂದಿ ಹಾಗೂ ಮೂಳೆಯ ಚೂರುಗಳಷ್ಟೇ ಉಳಿಯುತ್ತವೆ. ಇನಾಮ್‌ಗಾಂವ್‌ನ ಜನರು ಮೃತರನ್ನು ಹೂಳುತ್ತಿದ್ದುದರಿಂದ 200ಕ್ಕೂ ಹೆಚ್ಚು ಸಮಾಧಿಗಳು ದೊರೆತಿವೆ. ಅವರಿಗೆ ಪ್ರತ್ಯೇಕ ಸ್ಮಶಾನವಿರಲಿಲ್ಲ. ಮನೆಯ ನೆಲದಡಿ ಅಥವಾ ಅಂಗಳದಲ್ಲಿಯೇ ಹೂಳುವುದು ರೂಢಿಯಾಗಿತ್ತು. ವಯಸ್ಕರನ್ನು ತಲೆ ಉತ್ತರಕ್ಕೆ ಬರುವಂತೆ ನೀಳವಾಗಿ ಮಲಗಿಸುತ್ತಿದ್ದರು. ಅನೇಕರ ಪಾದಗಳನ್ನು ಕತ್ತರಿಸಲಾಗಿತ್ತು. ಸತ್ತವರು ಮನೆಯನ್ನು ಬಿಟ್ಟು ಹೋಗದಿರಲೆಂದೋ, ಪ್ರೇತರೂಪದಲ್ಲಿ ತಿರುಗಾಡದಿರಲೆಂದೋ ಹೀಗೆ ಮಾಡಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಮಕ್ಕಳನ್ನು ಎರಡು ಮಡಕೆಗಳಲ್ಲಿರಿಸಿ, ಅವುಗಳ ಬಾಯಿಗೆ ಬಾಯಿ ಸೇರಿಸಿ ಹೂಳುತ್ತಿದ್ದರು.

ಸತ್ತವರ ಬಳಿ ಇಡುತ್ತಿದ್ದ ಬಟ್ಟಲು, ಗಿಂಡಿ ಮುಂತಾದವು ಅನ್ನ, ನೀರು ತುಂಬಿದ್ದ ಪಾತ್ರೆಗಳಾಗಿದ್ದಿರಬೇಕು. ಸಾವಿನ ನಂತರವೂ ಹಸಿವು ಬಾಯಾರಿಕೆಗಳಿವೆ ಎಂಬ ನಂಬಿಕೆ ಇದರ ಹಿಂದಿರುವಂತೆ ತೋರುತ್ತದೆ.

ಎಲ್ಲ ಸಮಾಧಿಗಳೂ ಒಂದೇ ಬಗೆಯವಲ್ಲ. ಊರಿನ ನಡುವಿನಲ್ಲಿದ್ದ ಐದು ಕೋಣೆಗಳ ದೊಡ್ಡ ಮನೆಯ ಅಂಗಳದಲ್ಲಿ, ನಾಲ್ಕು ಕಾಲುಗಳುಳ್ಳ ಮಣ್ಣಿನ ಬೃಹತ್ ಗುಡಾಣವೊಂದರೊಳಗೆ ಪುರುಷನೊಬ್ಬನ ಅಸ್ಥಿಪಂಜರ ಕುಳಿತ ಭಂಗಿಯಲ್ಲಿತ್ತು. ಆತನ ಪಾದಗಳನ್ನು ಕತ್ತರಿಸಿರಲಿಲ್ಲ. ಆ ಮನೆಗೆ ಧಾನ್ಯದ ಕಣಜವೂ ಇದ್ದಿತು. ಈತನು ಊರಿನ ಮುಖ್ಯಸ್ಥನಾಗಿರಬಹುದು.

ಕರ್ನಾಟಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಇಂತಹ ಭೇದ ಕಾಣುತ್ತದೆ. ಅಲ್ಲಿನ ಬೃಹತ್‌ಶಿಲಾ ಸಮಾಧಿಯೊಂದರಲ್ಲಿ ಮೃತನೊಂದಿಗೆ 33 ಚಿನ್ನದ ಮಣಿಗಳು, 4 ತಾಮ್ರದ ಬಳೆಗಳು ಹಾಗೂ ಒಂದು ಶಂಖ ದೊರೆತರೆ, ಬೇರೆಯವರೊಂದಿಗೆ ಕೆಲವೇ ಮಡಕೆಗಳು ದೊರೆತವು.

ಗುಡಾಣವನ್ನು ಯಾರಾದರೂ ಅಗೆದು ಹೊರಗೆ ಎಸೆದಿದ್ದರೆ, ಅದು ಕೇವಲ ಹಳೆಯ ಮಣ್ಣಿನ ಪಾತ್ರೆಯಾಗಿ ಉಳಿಯುತ್ತಿತ್ತು. ಅದು ಯಾವ ಮನೆಯಲ್ಲಿ, ಕಣಜದಿಂದ ಎಷ್ಟು ದೂರದಲ್ಲಿ, ಯಾರ ದೇಹವನ್ನು ಹೊತ್ತಿತ್ತು ಎಂಬುದರಿಂದಲೇ ಅದಕ್ಕೆ ಅರ್ಥ ಬಂದಿತು. ಸ್ಥಳ ಕೆಟ್ಟರೆ ಸಾಕ್ಷ್ಯವೂ ಕೆಡುತ್ತದೆ. ನಿಧಿಯಾಸೆಯಿಂದ ಅಗೆಯುವವರು ಕಂಡ ಚಿನ್ನಕ್ಕಿಂತ ಕಾಣದೆ ಕೆಡಿಸಿದ ಇತಿಹಾಸವೇ ಹೆಚ್ಚು.

ಉಳುವಾಗ, ಪಾಯ ತೋಡುವಾಗ ಮಡಕೆ, ಮಣಿ ಅಥವಾ ಮೂಳೆಗಳು ಕಂಡುಬಂದಲ್ಲಿ ಕೆಲಸ ನಿಲ್ಲಿಸಿ, ವಸ್ತುಗಳನ್ನು ಕದಲಿಸದೆ ಗ್ರಾಮ ಪಂಚಾಯಿತಿಗೆ, ತಹಶೀಲ್ದಾರರಿಗೆ ಇಲ್ಲವೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಹೆಸರಿಲ್ಲದೆ ಹೋದ ಆ ರೈತರ ಬದುಕನ್ನು ಹೇಳಲು ಇಂದು ಉಳಿದಿರುವುದು ಆ ಮಣ್ಣೊಂದೇ.