ಬೆಂಕಿ ಬಿದ್ದಾಗ ಸಿಲಿಂಡರ್‌ಗೆ ಕೈ ಹಾಕುವವರು ಯಾರು?

ಆಫೀಸಿನ ಗೋಡೆಯ ಕೆಂಪು ಸಿಲಿಂಡರ್ ದಿನಾ ಕಣ್ಣಿಗೆ ಬೀಳುತ್ತದೆ. ಬೆಂಕಿ ಹತ್ತಿದರೆ ಅದನ್ನು ಎತ್ತಿಕೊಳ್ಳುವವರು ಯಾರು ಅಂತ ಕೇಳಿ ನೋಡಿ, ಎಲ್ಲರೂ ಸೆಕ್ಯುರಿಟಿಯವನ ಮುಖ ನೋಡುತ್ತಾರೆ. ನೌಕರರು ಅದನ್ನು ಬಳಸಬಹುದೇ? ಧಾರಾಳವಾಗಿ. ಆದರೆ ಕೈಯಲ್ಲಿ ಹಿಡಿದು ಕಲಿತಿರಬೇಕು, ಬೆಂಕಿ ಚಿಕ್ಕದಿರಬೇಕು, ಓಡಲು ದಾರಿ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಸಿಲಿಂಡರ್ ಬಿಟ್ಟು ಹೊರಗೆ ನಡೆಯಿರಿ.

1. ಹೆಸರು ಮೊದಲೇ ಗೊತ್ತು ಮಾಡಿ. ಪ್ರತಿ ಮಹಡಿಗೆ, ಪ್ರತಿ ಪಾಳಿಗೆ ಇಬ್ಬರು ಮೂವರಿದ್ದರೆ ಸಾಕು. ಅವರು ರಜೆ ಹಾಕಿದ ದಿನ ಯಾರು ಅನ್ನುವುದೂ ತೀರ್ಮಾನವಾಗಿರಲಿ. ಮಿಕ್ಕವರ ಕೆಲಸ ಹೊರಗೆ ಹೋಗುವುದಷ್ಟೇ. ಯಾರನ್ನೂ ಬಲವಂತವಾಗಿ ಪಟ್ಟಿಗೆ ಸೇರಿಸಬೇಡಿ; ಸಂಬಳಕ್ಕೆ ಬಂದವರು ಕಂಪನಿಯ ಕುರ್ಚಿ ಮೇಜಿಗಾಗಿ ಜೀವ ಒತ್ತೆ ಇಡಬೇಕಾಗಿಲ್ಲ. 1948ರ ಕಾರ್ಖಾನೆ ಕಾಯ್ದೆಯ 38ನೇ ಕಲಮು ಕೂಡ ತಪ್ಪಿಸಿಕೊಳ್ಳುವ ದಾರಿ ಪ್ರತಿಯೊಬ್ಬ ಕಾರ್ಮಿಕನಿಗೂ ಗೊತ್ತಿರಬೇಕು ಎಂದಿತ್ತು.

2. ಮೊದಲು ಕೂಗಿ. ಅಲಾರಂ ಒತ್ತಿ, ಇನ್ನೊಬ್ಬರಿಗೆ 101 ಅಥವಾ 112ಕ್ಕೆ ಫೋನ್ ಮಾಡಲು ಹೇಳಿ, ಆಮೇಲೆ ಸಿಲಿಂಡರ್. ‘ನಾನೇ ಆರಿಸಿಬಿಡ್ತೀನಿ, ಸುಮ್ನೆ ಗಲಾಟೆ ಯಾಕೆ’ ಅನ್ನುವ ಸಂಕೋಚ ದುಬಾರಿಯಾಗುತ್ತದೆ.

3. ಕಸದ ಬುಟ್ಟಿಯಷ್ಟು ಬೆಂಕಿಗೆ ಮಾತ್ರ. ಕೈಯಲ್ಲಿ ಹಿಡಿಯುವ ಸಿಲಿಂಡರ್ ಅರ್ಧ ನಿಮಿಷದೊಳಗೆ ಖಾಲಿ. ಬಾಗಿಲು ಬೆನ್ನ ಹಿಂದಿರಲಿ, ಬೆಂಕಿ ಎದುರಿಗಿರಲಿ.

4. ಹೊಗೆ ತುಂಬಿದರೆ ಆಟ ಮುಗಿಯಿತು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನಪಿದೆಯೇ? 2010ರ ಫೆಬ್ರವರಿ 23ರಂದು ಅಲ್ಲಿ 9 ಮಂದಿ ಸತ್ತರು. ಮೇಲಿನ ಮಹಡಿಗಳಿಗೆ ಹೊಗೆ ಏರಿತ್ತು. ಉಸಿರಾಡಲಾಗದೆ ಕಿಟಕಿಯಿಂದ ಹಾರಿದವರೂ ಇದ್ದರು. ಅಂಥ ಹೊಗೆಗೆ ಸಿಲಿಂಡರ್ ಏನೂ ಮಾಡದು. ಅಲ್ಲಿ ಬೇಕಾದದ್ದು ತೆರೆದಿರುವ ಮೆಟ್ಟಿಲ ಬಾಗಿಲು. ನಿಮ್ಮ ಕಟ್ಟಡದ ತುರ್ತು ಬಾಗಿಲಿಗೆ ಬೀಗವಿದೆಯೇ, ಹಳೇ ರಟ್ಟಿನ ಡಬ್ಬಗಳು ಅಡ್ಡ ಇವೆಯೇ ಅಂತ ಇವತ್ತೇ ಹೋಗಿ ನೋಡಿ.

5. ಲೇಬಲ್ ಓದಿ. ಕಾಗದ, ಬಟ್ಟೆ, ಮರ ‘ಎ’, ಪೆಟ್ರೋಲ್, ಥಿನ್ನರ್ ‘ಬಿ’, ಗ್ಯಾಸ್ ‘ಸಿ’. ಎಬಿಸಿ ಪೌಡರ್ ಮೂರಕ್ಕೂ ನಡೆಯುತ್ತದೆ. ಕಂಪ್ಯೂಟರ್, ಪ್ಯಾನೆಲ್ ಬೋರ್ಡ್ ಹತ್ತಿರ ಕಾರ್ಬನ್ ಡೈಆಕ್ಸೈಡ್ ವಾಸಿ, ಪುಡಿಯ ರಂಪ ಇರುವುದಿಲ್ಲ. ಆದರೆ ಅದರ ಕಪ್ಪು ಕೊಳವೆಯನ್ನು ಬರಿಗೈಲಿ ಹಿಡಿದರೆ ಚಳಿಗೇ ಚರ್ಮ ಸುಟ್ಟುಹೋಗುತ್ತದೆ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಅದೇ ಅನಿಲ ನಿಮ್ಮ ಉಸಿರನ್ನೂ ಕಟ್ಟಿಸುತ್ತದೆ. ಕ್ಯಾಂಟೀನಿನಲ್ಲಿ ಬೋಂಡಾ ಬಾಣಲೆ ಹತ್ತಿಕೊಂಡರೆ ನೀರಂತೂ ಬೇಡವೇ ಬೇಡ. ಕೈಗೆಟುಕುವಂತಿದ್ದರೆ ಗ್ಯಾಸ್ ಆರಿಸಿ, ತಟ್ಟೆ ಮುಚ್ಚಿ.

6. ಪಿನ್ ಎಳೆಯುವಾಗ ಹಿಡಿ ಒತ್ತಬೇಡಿ. ಗಾಬರಿಯಲ್ಲಿ ಬಹಳ ಜನ ಎಡವುವುದು ಇಲ್ಲೇ: ಒಂದು ಕೈ ಹಿಡಿಯನ್ನು ಬಿಗಿಯಾಗಿ ಅದುಮಿರುತ್ತದೆ, ಇನ್ನೊಂದು ಕೈ ಪಿನ್ ಜಗ್ಗುತ್ತಿರುತ್ತದೆ, ಪಿನ್ ಅಲ್ಲಾಡುವುದಿಲ್ಲ. ಸಿಲಿಂಡರನ್ನು ನೆಲಕ್ಕಿಡಿ. ಪಿನ್ ತಿರುಚಿ ಎಳೆಯಿರಿ, ಪ್ಲಾಸ್ಟಿಕ್ ಸೀಲು ತಾನಾಗಿ ಹರಿಯುತ್ತದೆ. ಆರೆಂಟು ಅಡಿ ದೂರ ನಿಂತು ಬೆಂಕಿಯ ಬುಡಕ್ಕೆ ಗುರಿ ಇಡಿ, ಹಿಡಿ ಒತ್ತಿ, ಕಸ ಗುಡಿಸಿದ ಹಾಗೆ ಎಡಕ್ಕೂ ಬಲಕ್ಕೂ ಆಡಿಸಿ. ಜ್ವಾಲೆಯ ತುದಿಗೆ ಹೊಡೆದರೆ ಪುಡಿ ದಂಡ.

7. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಹೊತ್ತಿದರೆ ದೂರ ಸರಿಯಿರಿ. ಲಿಥಿಯಂ ಬ್ಯಾಟರಿಯ ಒಳಗಿನ ಶಾಖ ಪುಡಿಗೆ ಬಗ್ಗುವುದಿಲ್ಲ. ಆರಿತು ಅಂದುಕೊಂಡದ್ದು ಮತ್ತೆ ಹತ್ತುತ್ತದೆ. ಹೊಗೆಯೂ ವಿಷ.

8. ಆರಿದ ಮೇಲೆ ಬೆನ್ನು ತೋರಿಸಬೇಡಿ. ಕಣ್ಣಿಟ್ಟುಕೊಂಡೇ ಹಿಂದೆ ಹಿಂದೆ ಸರಿಯಿರಿ.

9. ಒಮ್ಮೆ ಒತ್ತಿದ್ದನ್ನು ವಾಪಸ್ ನೇತುಹಾಕಬೇಡಿ. ಒಂದೇ ಕ್ಷಣ ಬಿಟ್ಟಿದ್ದರೂ ಒತ್ತಡ ಸೋರಿಹೋಗುತ್ತದೆ, ರೀಫಿಲ್‌ಗೆ ಕಳಿಸಿ. ತಿಂಗಳಿಗೊಮ್ಮೆ ಮುಳ್ಳು ಹಸಿರಿನಲ್ಲಿದೆಯೇ ನೋಡಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ನಲ್ಲಿ ಮುಳ್ಳು ಇರುವುದಿಲ್ಲ, ತೂಕ ಹಾಕಿಯೇ ತಿಳಿಯಬೇಕು.

10. ತರಬೇತಿಗೆ ದುಡ್ಡಿಲ್ಲ ಅನ್ನಬೇಡಿ. ಅವಧಿ ಮುಗಿದು ಹೇಗೂ ರೀಫಿಲ್‌ಗೆ ಹೋಗುವ ಸಿಲಿಂಡರ್‌ಗಳಿರುತ್ತವಲ್ಲ, ಕಳಿಸುವ ಮೊದಲು ಪಟ್ಟಿಯಲ್ಲಿರುವವರಿಂದ ಬಯಲಲ್ಲಿ ಖಾಲಿ ಮಾಡಿಸಿ. ಪ್ರತಿವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಹತ್ತಿರದ ಠಾಣೆಗೆ ಒಂದು ಪತ್ರ ಬರೆದು ಕೇಳಿಕೊಳ್ಳಿ. ಅಂದು ಮ್ಯಾನೇಜರ್ ಸಾಹೇಬರೂ ಕೋಟು ಬಿಚ್ಚಿಟ್ಟು ಪಿನ್ ಎಳೆಯಲಿ.