ಕಣ್ಣಿನ ಶಂಕುಕೋಶಗಳ ಲೆಕ್ಕ ತಪಾಸಣೆ

ಇಂದ್ರಿಯಗಳಲ್ಲಿ ಕಣ್ಣೇ ಪ್ರಧಾನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಣ್ಣಿನ ಹಿಂಬದಿಯಲ್ಲಿದ್ದು ಬೆಳಕನ್ನು ಗ್ರಹಿಸುವ ಪರದೆಯೇ ಅಕ್ಷಿಪಟಲ. ಅದರಲ್ಲಿ ಮುಖ್ಯವಾಗಿ ಎರಡು ಬಗೆಯ ದೃಷ್ಟಿಕೋಶಗಳಿವೆ. ಮಂದ ಬೆಳಕಿನಲ್ಲಿ ದುಡಿಯುವವು ದಂಡಕೋಶಗಳು. ಹಗಲಿನಲ್ಲಿ ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ತೋರಿಸುವವು ಶಂಕುಕೋಶಗಳು. ಒಂದು ಕಣ್ಣಿನಲ್ಲಿ ಸುಮಾರು 60 ಲಕ್ಷ ಶಂಕುಕೋಶಗಳಿರುತ್ತವೆ. ನಾವು ಅಕ್ಷರ ಓದುವುದೂ ಮುಖ ಗುರುತಿಸುವುದೂ ಇವುಗಳ ನೆರವಿನಿಂದಲೇ. ಒಮ್ಮೆ ನಾಶವಾದರೆ ಇವು ಮರಳಿ ಹುಟ್ಟುವುದಿಲ್ಲ. ಆದುದರಿಂದ ಅಕ್ಷಿಪಟಲದ ರೋಗವಿರುವವರಲ್ಲಿ ಇವು ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ ಎಂಬ ಲೆಕ್ಕ ಅತ್ಯಗತ್ಯ.

1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಪ್ರಕಟಿಸಿದ ನೇತ್ರದರ್ಶಕದಿಂದ ವೈದ್ಯರು ಜೀವಂತ ಕಣ್ಣಿನ ಒಳಭಾಗವನ್ನು ನೋಡುವಂತಾಯಿತು. ಆದರೆ ಬಿಡಿ ಕೋಶಗಳು ಅದಕ್ಕೆ ಕಾಣವು. 1991ರಲ್ಲಿ ಅಮೆರಿಕೆಯಲ್ಲಿ ರೂಪುಗೊಂಡ ಓ.ಸಿ.ಟಿ. ವಿಧಾನವು ಬೆಳಕಿನ ಪ್ರತಿಫಲನದಿಂದ ಅಕ್ಷಿಪಟಲದ ಪದರಗಳನ್ನು ಅಡ್ಡ ಸೀಳಿದಂತೆ ತೋರಿಸುತ್ತದೆ. ದೃಷ್ಟಿಕೋಶಗಳ ಜಾಗದಲ್ಲಿ ಹೊಳೆಯುವ ಗೆರೆಯೊಂದು ಕಾಣುತ್ತದೆ. ಅದು ತುಂಡಾಗಿದ್ದರೆ ಅಲ್ಲಿ ಹಾನಿಯಾಗಿದೆಯೆಂದು ಊಹಿಸಬಹುದು. ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ ಇದು. ಆದರೆ ಸಾಮಾನ್ಯ ಓ.ಸಿ.ಟಿ. ಹೇಳುವುದು ಒಟ್ಟು ಮೊತ್ತವನ್ನು. ಒಂದೊಂದು ಕೋಶದ ವಿವರವನ್ನಲ್ಲ.

ಆ ವಿವರವನ್ನು ಒದಗಿಸಿದ್ದು ಖಗೋಳ ವಿಜ್ಞಾನಿಗಳ ತಂತ್ರ. ವಾತಾವರಣದಿಂದ ಮಸುಕಾದ ನಕ್ಷತ್ರವನ್ನು ಸ್ಪಷ್ಟವಾಗಿ ಕಾಣಲು ಅವರು ಆಕಾರ ಬದಲಿಸುವ ಕನ್ನಡಿಯನ್ನು ಬಳಸುತ್ತಾರೆ. ಅದೇ ಉಪಾಯದಿಂದ ಕಣ್ಣಿನ ಸ್ವಂತ ವಕ್ರತೆಯ ದೋಷಗಳನ್ನು ಸರಿಪಡಿಸಿ, ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಬಿಡಿಬಿಡಿ ಶಂಕುಕೋಶಗಳ ಚಿತ್ರಗಳನ್ನು ಪ್ರಕಟಿಸಿದರು.

ಇಲ್ಲಿಯೂ ಎರಡು ಮಾರ್ಗಗಳುಂಟು. ಮೊದಲನೆಯದರಲ್ಲಿ, ಕೋಶವು ನೇರವಾಗಿ ಹಿಂದಿರುಗಿಸಿದ ಬೆಳಕನ್ನಷ್ಟೇ ಹಿಡಿಯುತ್ತಾರೆ. ಕೋಶದ ಹೊರತುದಿ ಕೆಟ್ಟಿದ್ದರೆ ಆ ಸ್ಥಳ ಕತ್ತಲಾಗಿ ಕಾಣುತ್ತದೆ. 2014ರಲ್ಲಿ ಪ್ರಕಟವಾದ ಎರಡನೆಯ ಮಾರ್ಗದಲ್ಲಿ, ಚದುರಿದ ಬೆಳಕನ್ನು ಎರಡು ಪಾಲು ಮಾಡಿ ಹೋಲಿಸುವುದರಿಂದ ಕೋಶದ ಒಳಭಾಗ ಗೋಚರಿಸುತ್ತದೆ. ಹುಟ್ಟಿನಿಂದಲೇ ಪೂರ್ಣ ವರ್ಣಾಂಧತೆಯುಳ್ಳ ಹಲವರಲ್ಲಿ, ಮೊದಲ ಚಿತ್ರದಲ್ಲಿ ಬರಿದಾಗಿ ಕಂಡ ಸ್ಥಳಗಳಲ್ಲಿ ಶಂಕುಕೋಶಗಳು ಉಳಿದಿರುವುದು ಹೀಗೆ ತಿಳಿದುಬಂದಿತು.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ನಿಷ್ಕ್ರಿಯವಾದ ಖಾತೆ ಮುಚ್ಚಿದ ಖಾತೆಯಲ್ಲ. ಈ ಭೇದ ಕೇವಲ ಪಾಂಡಿತ್ಯದ ವಿಷಯವಲ್ಲ. ಒಂದು ಬಗೆಯ ಆನುವಂಶಿಕ ಅಂಧತೆಗೆ 2017ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದ ಜೀನ್ ಚಿಕಿತ್ಸೆಗೆ, ಅಕ್ಷಿಪಟಲದಲ್ಲಿ ಜೀವಂತ ಕೋಶಗಳು ಉಳಿದಿರಬೇಕೆಂಬುದೇ ನಿಬಂಧನೆ.

ಹಾಗೆಂದು ಯಾವ ವಿಧಾನವೂ ಸರ್ವಸಮರ್ಥವಲ್ಲ. ಕನ್ನಡಿಯ ವಿಧಾನ ಒಮ್ಮೆಗೆ ನೋಡುವುದು ಬಹಳ ಚಿಕ್ಕ ಪ್ರದೇಶವನ್ನು. ಕಣ್ಣು ಅಲುಗಿದರೂ ಪೊರೆ ಬಂದಿದ್ದರೂ ಚಿತ್ರ ಕೆಡುತ್ತದೆ. ಅದು ಬಹುಮಟ್ಟಿಗೆ ಸಂಶೋಧನಾಲಯಗಳಲ್ಲೇ ಇದೆ. ಕೋಶ ಉಳಿದಿದೆಯೆಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆಯೆಂದೂ ಅಲ್ಲ. ಅದಕ್ಕೆ ದೃಷ್ಟಿಪರೀಕ್ಷೆಗಳೇ ಬೇಕು.

ಓ.ಸಿ.ಟಿ. ನಮ್ಮ ಮಹಾನಗರಗಳ ಕಣ್ಣಾಸ್ಪತ್ರೆಗಳಲ್ಲಿ ಲಭ್ಯವಿದೆ. ಇರುಳುಗುರುಡು, ಹಗಲ ಬೆಳಕಿಗೆ ಕಣ್ಣು ಬಿಡಲಾಗದಿರುವುದು, ಬಣ್ಣ ಮಾಸಿದಂತೆ ತೋರುವುದು ಇವು ಕಂಡುಬಂದರೆ ತಡಮಾಡದೆ ತಜ್ಞರನ್ನು ಕಾಣಬೇಕು. ಹಳೆಯ ಚಿತ್ರಗಳನ್ನು ಜೋಪಾನವಾಗಿಟ್ಟು ಪ್ರತಿ ಭೇಟಿಯಲ್ಲೂ ತೋರಿಸಬೇಕು. ಹಿಂದಿನ ವರ್ಷದ ಅಂಕಿ ಎದುರಿಗಿದ್ದಾಗಲೇ ಈ ವರ್ಷದ ಲೆಕ್ಕಕ್ಕೆ ಅರ್ಥ ಬರುವುದು.